ಹಬ್ಬದ ಹಿಂದಿನ ರಾತ್ರಿ ಕೂಗಿದ ಒಲೆ

2024ರ ಆಗಸ್ಟ್ 15, ಗುರುವಾರ ರಾತ್ರಿ ಹನ್ನೊಂದೂ ಕಾಲು. ಮಾರನೇ ದಿನ ವರಮಹಾಲಕ್ಷ್ಮಿ ಹಬ್ಬ. ಹೂರಣ ರುಬ್ಬಿ ಫ್ರಿಜ್ಜಿಗೆ ಸೇರಿಸಿ, ಕಟ್ಟೆ ಒರೆಸಿ, ಎಲ್ಲರೂ ಮಲಗಿಯಾಗಿತ್ತು. ಕೆಳಗಿನಿಂದ ಒಂದೇ ಸಮ ಬೀಪ್ ಬೀಪ್ ಅಂತ ಶಬ್ದ. ಸ್ಮೋಕ್ ಅಲಾರಂ ಇರಬೇಕು ಅಂದುಕೊಂಡು ಎದ್ದುಬಿದ್ದು ಇಳಿದೆ. ಹೊಗೆ ಇಲ್ಲ, ವಾಸನೆ ಇಲ್ಲ. ಕತ್ತಲಲ್ಲಿ ಒಲೆಯ ಗಡಿಯಾರ ಇರಬೇಕಾದ ಜಾಗದಲ್ಲಿ ಹಸಿರು ಬಣ್ಣದಲ್ಲಿ ಎಫ್ 1 ಅಂತ ಮಿನುಗುತ್ತಿತ್ತು. ಅಮ್ಮ ನನಗಿಂತ ಮೊದಲೇ ಬಂದು ನಿಂತಿದ್ದರು. "ನಾನೇನೂ ಮುಟ್ಟಿಲ್ಲಪ್ಪ" ಅಂದರು.

ಆ ಎಫ್ 1 ಹೋಗಿಸೋಕೆ ನಮಗೆ ಮೂರು ವಾರ ಹಿಡಿಯಿತು. ನಡುವೆ ಬೇಡದ ಒಂದು ಪಾರ್ಟ್ ಕೊಂಡೆ, ಅದನ್ನು ಹಾಕಿಯೂ ನೋಡಿದೆ. ಇಲ್ಲಿನ ನಮ್ಮವರ ಮನೆಗಳಲ್ಲಿ ಇದೇ ಕಥೆ ಮತ್ತೆ ಮತ್ತೆ ಕೇಳ್ತೀನಿ. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ.

ನಮ್ಮ ಒಲೆ ಎಂಥದ್ದು

ನಾವಿರೋದು ನ್ಯೂಜೆರ್ಸಿಯಲ್ಲಿ. ಸ್ವಂತ ಮನೆ, ಒಲೆ ಮನೆಯ ಜೊತೆಗೇ ಬಂದದ್ದು. ಊರಿನಲ್ಲಿರುವವರಿಗೆ ರೇಂಜ್ ಅಂದರೆ ಏನು ಅಂತ ಸ್ವಲ್ಪ ಹೇಳಬೇಕು. ಮೇಲೆ ನಾಲ್ಕು ಬರ್ನರ್, ಕೆಳಗೆ ಓವನ್, ಅದರ ಕೆಳಗೊಂದು ಡ್ರಾಯರ್. ಎಲ್ಲ ಸೇರಿ ನೆಲದ ಮೇಲೆ ನಿಲ್ಲುವ 30 ಇಂಚು ಅಗಲದ ಒಂದೇ ಪೆಟ್ಟಿಗೆ. ನಮ್ಮದು ಕರೆಂಟಿನದು. ಮೇಲ್ಭಾಗ ಕಪ್ಪು ಗಾಜು, ಗಾಜಿನ ಕೆಳಗೆ ಕೆಂಪಗೆ ಕಾಯುವ ಕಾಯಿಲ್. ಹಿಂಭಾಗದಲ್ಲಿ ಗೋಡೆಗೆ ಒರಗಿದ ಹಾಗೆ ಒಂದು ಗೇಣೆತ್ತರದ ಪಟ್ಟಿ. ಬರ್ನರ್ ತಿರುಗಿಸುವ ಗುಂಡಿಗಳು, ಓವನ್ನಿನ ಟಚ್ ಬಟನ್, ಗಡಿಯಾರ ಎಲ್ಲ ಆ ಪಟ್ಟಿಯಲ್ಲೇ ಇವೆ. ಈ ಪಟ್ಟಿ ಎಲ್ಲಿದೆ ಅನ್ನೋದನ್ನ ನೆನಪಿಟ್ಟುಕೊಳ್ಳಿ. ಹಿಂದಿನ ಎರಡು ಬರ್ನರ್‌ಗಳ ನೆತ್ತಿಯ ಮೇಲೆಯೇ ಅದು ಕೂತಿದೆ.

ಬರ್ನರ್ ಬೇರೆ, ಓವನ್ ಬೇರೆ. ನಮ್ಮಂಥ ಒಲೆಯಲ್ಲಿ ಗುಂಡಿ ತಿರುಗಿಸುವ ಬರ್ನರ್‌ಗೆ ಎಲೆಕ್ಟ್ರಾನಿಕ್ ಬೋರ್ಡಿನ ಹಂಗಿಲ್ಲ. ಪ್ರತಿಯೊಂದಕ್ಕೂ ಅದರದೇ ಸ್ವಿಚ್ ಇದೆ. ಓವನ್ ಮಾತ್ರ ಬೋರ್ಡಿನ ಕೈಯಲ್ಲಿ. ಎರರ್ ಕೋಡ್, ಅಂದರೆ ಏನೋ ಸರಿಯಿಲ್ಲ ಅಂತ ಹೇಳುವ ಎಫ್ 1ನಂಥ ಗುರುತು, ಕೊಡೋದೂ ಆ ಬೋರ್ಡೇ. ತಮಾಷೆ ಅಂದರೆ, ನಮ್ಮ ಮನೆಯಲ್ಲಿ ಓವನ್ ಉರಿಸುವುದೇ ವರ್ಷಕ್ಕೆ ನಾಲ್ಕೈದು ಸಲ. ಉಳಿದ ದಿನ ಅದು ಪಾತ್ರೆ ಕಪಾಟು. ತವಾ, ಬಾಣಲೆ, ಇಡ್ಲಿ ತಟ್ಟೆ, ಮುಚ್ಚಳ ಎಲ್ಲ ಅದರೊಳಗೆ. ಅಮೆರಿಕದಲ್ಲಿರುವ ಎಷ್ಟು ಕನ್ನಡದವರ ಮನೆಯಲ್ಲಿ ಹೀಗಿಲ್ಲ ಹೇಳಿ?

ಆ ರಾತ್ರಿ ಮಾಡಿದ್ದು

ಮೊದಲು ಆಫ್ ಬಟನ್ ಒತ್ತಿದೆ. ಒಂದು ಕ್ಷಣ ಸುಮ್ಮನಾಗಿ ಮತ್ತೆ ಶುರು. ಇನ್ನೊಮ್ಮೆ ಒತ್ತಿದೆ, ಅದೇ ಕಥೆ. ಆಮೇಲೆ ಓವನ್ ಬಾಗಿಲ ಗಾಜಿಗೆ ಕೈ ಹತ್ತಿರ ತಂದು ನೋಡಿದೆ. ತಣ್ಣಗಿತ್ತು. ಬಾಗಿಲು ತೆಗೆದು ಒಳಗಿದ್ದ ಪಾತ್ರೆ ಎಲ್ಲ ಹೊರಗೆ ತೆಗೆದೆ. ನಾಲ್ಕು ಪ್ಲಾಸ್ಟಿಕ್ ಮುಚ್ಚಳ, ಒಂದು ಮರದ ಹಿಡಿಯ ಬಾಣಲೆ ಸಿಕ್ಕಿತು. ಬಟನ್ ತನ್ನಷ್ಟಕ್ಕೆ ಒತ್ತಿಕೊಂಡು ಓವನ್ ಹೊತ್ತಿಕೊಂಡಿದ್ದರೆ ಏನಾಗುತ್ತಿತ್ತು ಅಂತ ಆಗ ಹೊಳೆಯಿತು. ಅವತ್ತಿನಿಂದ ಓವನ್ ಖಾಲಿ. ಪಾತ್ರೆಗೆ ಬೇರೆ ಜಾಗ ಮಾಡಿಕೊಂಡಿದ್ದೇವೆ.

ಆಮೇಲೆ ಬೇಸ್‌ಮೆಂಟಿಗೆ ಇಳಿದು ಒಲೆಯ ಕರೆಂಟ್ ಕಡಿಯುವ ಸ್ವಿಚ್, ಬ್ರೇಕರ್, ಹಾಕಿದೆ. ಅಂದರೆ ಆಫ್ ಮಾಡಿದೆ. ನಮ್ಮ ಕಡೆ ದೀಪ ಹಾಕೋದು ಅಂದರೆ ಆನ್, ಬ್ರೇಕರ್ ಹಾಕೋದು ಅಂದರೆ ಆಫ್. ಇದನ್ನ ಮಗಳಿಗೆ ವಿವರಿಸೋಕೆ ಹೋಗಿ ಸೋತಿದ್ದೇನೆ. ಬೀಪ್ ನಿಂತಿತು.

ಬ್ರೇಕರ್ ಬಗ್ಗೆ ಎರಡು ಮಾತು ಜಾಸ್ತಿ ಹೇಳಬೇಕು, ಯಾಕಂದರೆ ಎಡವೋದು ಇಲ್ಲೇ. ಊರಿನಲ್ಲಿ ಮನೆಗೆ ಬರೋದು 230 ವೋಲ್ಟ್, ಒಂದು ಫೇಸ್, ಒಂದು ನ್ಯೂಟ್ರಲ್. ಇಲ್ಲಿ ಮನೆಗೆ ಎರಡು ಬಿಸಿ ತಂತಿ, ಅಂದರೆ ಕರೆಂಟ್ ಇರುವ ತಂತಿ, ಬರುತ್ತವೆ. ಯಾವುದೇ ಒಂದಕ್ಕೂ ನ್ಯೂಟ್ರಲ್‌ಗೂ ನಡುವೆ 120 ವೋಲ್ಟ್, ಎರಡು ಬಿಸಿ ತಂತಿಗಳ ನಡುವೆ 240. ಗಡಿಯಾರ, ದೀಪ, ಬೋರ್ಡ್ ಓಡೋಕೆ 120 ಸಾಕು. ಕಾಯಿಲ್ ಕಾಯೋಕೆ 240 ಬೇಕು. ಹಾಗಾಗಿ ರೇಂಜಿನ ಬ್ರೇಕರ್ ಜೋಡಿ ಹಿಡಿಯದ್ದು, ಸಾಮಾನ್ಯವಾಗಿ 40 ಇಲ್ಲಾ 50 ಆಂಪ್. ಎರಡು ತಂತಿಯಲ್ಲಿ ಒಂದು ಸತ್ತರೂ ಗಡಿಯಾರ ಉರಿಯುತ್ತಲೇ ಇರಬಹುದು, ಓವನ್ ಮಾತ್ರ ಕಾಯಲ್ಲ. ಜನ ಬೋರ್ಡ್ ಕೆಟ್ಟಿದೆ ಅಂತ ದುಡ್ಡು ಸುರಿಯುತ್ತಾರೆ. ಇನ್ನೊಂದು ವಿಷಯ ಇದಕ್ಕಿಂತ ಅಪಾಯದ್ದು. ಕೆಲವು ರೇಂಜುಗಳಲ್ಲಿ ಓವನ್ ಆಫ್ ಮಾಡಿದಾಗ ಒಂದು ತಂತಿ ಮಾತ್ರ ಕಡಿತ ಆಗುತ್ತೆ. ಇನ್ನೊಂದರಲ್ಲಿ ಕರೆಂಟ್ ಹಾಗೇ ನಿಂತಿರುತ್ತೆ. ಓವನ್ ಆಫ್ ಇದೆ ಅಂತ ಒಳಗಿನ ಹೀಟರಿನ ತುದಿ ಮುಟ್ಟಿದರೆ ಹೊಡೆಯುತ್ತೆ. ಬಿಚ್ಚುವ ಕೆಲಸ ಏನಿದ್ದರೂ ಬ್ರೇಕರ್ ಹಾಕಿದ ಮೇಲೆಯೇ. ಹಾಕಿದ ಮೇಲೂ ಟೆಸ್ಟರ್ ಹಿಡಿದು ನೋಡಬೇಕು. ಆ ಟೆಸ್ಟರನ್ನು ಮೊದಲು ಕರೆಂಟ್ ಇರುವ ಜಾಗಕ್ಕೆ ಹಿಡಿದು, ಅದು ಉರಿಯುತ್ತೆ ಅಂತ ಖಾತ್ರಿ ಮಾಡಿಕೊಂಡಿರಬೇಕು.

ಶುಕ್ರವಾರ ಬೆಳಿಗ್ಗೆ ಐದೂವರೆಗೆ ಬ್ರೇಕರ್ ಎತ್ತಿದೆ. ಗಡಿಯಾರ 12 ಗಂಟೆ ಅಂತ ಮಿನುಗಿತು. ಕೋಡ್ ಇಲ್ಲ. ಲಕ್ಷ್ಮಿಯೇ ಕಾಪಾಡಿದಳು ಅಂತ ಅಮ್ಮ ಅಡುಗೆ ಶುರು ಮಾಡಿದರು. ಒಬ್ಬಟ್ಟು ಬೆಂದಿತು, ಪೂಜೆ ಆಯಿತು, ಅರಿಶಿನ ಕುಂಕುಮಕ್ಕೆ ಜನ ಬಂದರು. ಸಂಜೆ ನಾಲ್ಕಕ್ಕೆ, ಮನೆ ತುಂಬ ಹೆಂಗಸರಿದ್ದಾಗ, ಮತ್ತೆ ಬೀಪ್.

ಎಲ್ಲರೂ ಸೆನ್ಸರ್ ಅಂದರು

ಗೆಳೆಯನೊಬ್ಬನಿಗೆ ಫೋನ್ ಮಾಡಿದೆ. ಅವನ ಮನೆಯಲ್ಲೂ ಹಿಂದೊಮ್ಮೆ ಎಫ್ ಅಂತ ಬಂದಿತ್ತು, ಓವನ್ ಸೆನ್ಸರ್ ಬದಲಾಯಿಸಿದ ಮೇಲೆ ಸರಿಹೋಗಿತ್ತು. "ಎರಡು ಸ್ಕ್ರೂ, ಒಂದು ಕನೆಕ್ಟರ್. ನೀನೇ ಮಾಡ್ಕೋಬಹುದು" ಅಂದ. ಇಂಟರ್ನೆಟ್ಟಿನಲ್ಲಿ ಸಿಕ್ಕ ಪಟ್ಟಿಯೊಂದೂ ಸೆನ್ಸರ್ ಅಂತಲೇ ಹೇಳಿತು. ನನ್ನ ತಲೆಯಲ್ಲೂ ಒಂದು ಕಾರಣ ಕೂತಿತ್ತು. ಹಿಂದಿನ ಶನಿವಾರ, ಹಬ್ಬದ ಕ್ಲೀನಿಂಗ್ ಅಂತ ಓವನ್ನಿನ ಸೆಲ್ಫ್ ಕ್ಲೀನ್ ಹಾಕಿದ್ದೆ. ಅದರಲ್ಲಿ ಬಾಗಿಲು ತಾನೇ ಬೀಗ ಹಾಕಿಕೊಂಡು ಒಳಗೆ 900 ಡಿಗ್ರಿ ಫ್ಯಾರನ್‌ಹೀಟ್ ಹತ್ತಿರ, ಅಂದರೆ ಸುಮಾರು 480 ಸೆಲ್ಸಿಯಸ್, ಕಾಯುತ್ತೆ. ಅಂಟಿದ ಜಿಡ್ಡೆಲ್ಲ ಬೂದಿ. ಸೆಲ್ಫ್ ಕ್ಲೀನ್ ಆದ ಮೇಲೆ ಸೆನ್ಸರ್, ಬಾಗಿಲ ಬೀಗ, ಅತಿ ಬಿಸಿ ತಡೆಯುವ ಫ್ಯೂಸ್ ಕೈಕೊಡೋದು ರಿಪೇರಿಯವರೆಲ್ಲ ಕಂಡಿರುವ ವಿಷಯ. ನನ್ನ ಅನುಮಾನ ಪೂರ್ತಿ ಅಸಂಬದ್ಧ ಆಗಿರಲಿಲ್ಲ. ಇನ್ನೊಂದು ಮಾತು: ಮನೆಯಲ್ಲಿ ಗಿಳಿಯೋ ಇನ್ಯಾವ ಹಕ್ಕಿಯೋ ಇದ್ದರೆ ಸೆಲ್ಫ್ ಕ್ಲೀನ್ ಹಾಕುವ ಮೊದಲು ಅದನ್ನ ಬೇರೆ ಮನೆಗೆ ಕಳಿಸಿ. ಆ ಹೊಗೆ ಅವುಗಳ ಪ್ರಾಣ ತೆಗೆಯುತ್ತೆ.

28 ಡಾಲರ್ ಕೊಟ್ಟು ಸೆನ್ಸರ್ ತರಿಸಿದೆ. ಸೋಮವಾರ ಬಂತು. ಅವತ್ತು ಸಂಜೆ ಬ್ರೇಕರ್ ಹಾಕಿಯೇ ಇದೆ ಅಂತ ನೋಡಿಕೊಂಡು, ಅದರ ಮೇಲೆ ಟೇಪ್ ಅಂಟಿಸಿ, ಓವನ್ನಿನೊಳಗೆ ತಲೆ ತೂರಿಸಿದೆ.

ಸೆನ್ಸರ್ ಅಂದರೆ ಪೆನ್ಸಿಲ್ಲಿಗಿಂತ ತೆಳ್ಳನೆಯ ಒಂದು ಲೋಹದ ಕಡ್ಡಿ. ಓವನ್ನಿನ ಹಿಂದಿನ ಗೋಡೆಯಿಂದ ಮೂಗಿನ ಹಾಗೆ ಮುಂದೆ ಚಾಚಿರುತ್ತೆ. ಅದರ ತುದಿಯಲ್ಲಿ ಪ್ಲಾಟಿನಂ ಇದೆ. ಬಿಸಿ ಏರಿದ ಹಾಗೆ ಪ್ಲಾಟಿನಂನ ವಿದ್ಯುತ್ ತಡೆ ಲೆಕ್ಕವಾಗಿ ಏರುತ್ತೆ. ಈಗಿನ ಹೆಚ್ಚಿನ ರೇಂಜುಗಳಲ್ಲಿ ಬಳಸುವ ಬಗೆಯದು ನೀರು ಹೆಪ್ಪುಗಟ್ಟುವ ತಂಪಿನಲ್ಲಿ 1,000 ಓಮ್ ತೋರಿಸುತ್ತೆ. ಒಂದೊಂದು ಸೆಲ್ಸಿಯಸ್ ಏರಿದಾಗಲೂ ಹೆಚ್ಚೂಕಡಿಮೆ 4 ಓಮ್ ಏರುತ್ತೆ. ಕೇಕ್ ಬೇಯಿಸುವ 350 ಫ್ಯಾರನ್‌ಹೀಟಿನಲ್ಲಿ 1,670ರ ಸುಮಾರು ಇರುತ್ತೆ. ಬೋರ್ಡಿಗೆ ಓವನ್ ಎಷ್ಟು ಕಾದಿದೆ ಅಂತ ತಿಳಿಯೋದು ಈ ಒಂದು ಅಂಕಿಯಿಂದಲೇ.

ಎರಡು ಸ್ಕ್ರೂ ಬಿಚ್ಚಿ ಮೆಲ್ಲಗೆ ಎಳೆದೆ. ಹಿಂದಿನಿಂದ ತಂತಿ ಬಂತು, ತುದಿಯಲ್ಲಿ ಬಿಳಿ ಕನೆಕ್ಟರ್. ಗೋಡೆಯ ಹಿಂದೆ ಗಾಜಿನ ನಾರಿನ ಹೊದಿಕೆ ಇರುತ್ತೆ. ಗ್ಲೌಸ್ ಹಾಕದಿದ್ದರೆ ಎರಡು ದಿನ ಕೈ ಕೆರೆದುಕೊಳ್ಳಬೇಕು. ಕನೆಕ್ಟರ್ ಬಿಡಿಸಿದ ಕೂಡಲೇ ಒಳಗಡೆಯ ಅರ್ಧಕ್ಕೆ ಬಟ್ಟೆ ಕ್ಲಿಪ್ ಸಿಕ್ಕಿಸಿದೆ. ಇಲ್ಲದಿದ್ದರೆ ಅದು ತೂತಿನೊಳಗೆ ಜಾರಿ ಹೋಗುತ್ತೆ. ಆಮೇಲೆ ಇಡೀ ರೇಂಜನ್ನು ಗೋಡೆಯಿಂದ ಎಳೆದು ಹಿಂದಿನಿಂದ ಬಿಚ್ಚಬೇಕಾಗುತ್ತೆ.

ಹಳೆ ಸೆನ್ಸರಿಗೆ ತಡೆ ಅಳೆಯುವ ಮೀಟರ್ ಹಚ್ಚಿದೆ. ಅಡುಗೆಮನೆಯಲ್ಲಿ 74 ಡಿಗ್ರಿ ಫ್ಯಾರನ್‌ಹೀಟ್ ಇತ್ತು. ಮೀಟರ್ 1,091 ಅಂತ ತೋರಿಸಿತು. ಕಡ್ಡಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದೆ. 1,094, 1,099, 1,105... ಥರ್ಮಾಮೀಟರಿನ ಪಾದರಸ ಏರಿದ ಹಾಗೆ ಮೆಲ್ಲಗೆ ಏರಿ 1,110 ದಾಟಿತು. ಕೈ ಬಿಟ್ಟೆ, ಇಳಿಯಿತು. ಹೊಸದಕ್ಕೆ ಹಚ್ಚಿದೆ. 1,089.

ಅಂದರೆ ಹಳೆಯದು ಸರಿಯಾಗಿಯೇ ಇತ್ತು. ಕೆಟ್ಟ ಸೆನ್ಸರ್ ಹೀಗೆ ನಡೆದುಕೊಳ್ಳಲ್ಲ. ಒಳಗೆ ತಂತಿ ಕಡಿದಿದ್ದರೆ ಮೀಟರ್ ಏನೂ ತೋರಿಸಲ್ಲ, ಒಂದಕ್ಕೊಂದು ತಾಗಿದ್ದರೆ ಸೊನ್ನೆ ಹತ್ತಿರ ಬರುತ್ತೆ. ಕನೆಕ್ಟರಿಗೆ ತುಕ್ಕು ಹಿಡಿದಿದ್ದರೆ ಇನ್ನೂ ಮಜಾ. ಆ ತುಕ್ಕಿನ ತಡೆಯೂ ಲೆಕ್ಕಕ್ಕೆ ಸೇರುತ್ತೆ. ಓವನ್ ನಿಜಕ್ಕಿಂತ ಜಾಸ್ತಿ ಬಿಸಿಯಾಗಿದೆ ಅಂತ ಬೋರ್ಡ್ ತಿಳಿದು ಬೇಗ ನಿಲ್ಲಿಸುತ್ತೆ. ಕೇಕ್ ನಡುವೆ ಹಸಿ ಉಳಿಯುತ್ತೆ.

ಇಷ್ಟೆಲ್ಲ ಗೊತ್ತಾದ ಮೇಲೆ ಹಳೆಯದನ್ನೇ ವಾಪಸ್ ಹಾಕಿ ಬೇರೆ ಕಡೆ ಹುಡುಕಬೇಕಿತ್ತು ಅಲ್ವಾ? ನಾನು ಹಾಗೆ ಮಾಡಲಿಲ್ಲ. ದುಡ್ಡು ಕೊಟ್ಟಾಗಿದೆ ಅಂತ ಹೊಸದನ್ನು ಹಾಕಿದೆ. ಮಂಗಳವಾರ ಪೂರ್ತಿ ಕೋಡ್ ಬರಲಿಲ್ಲ. ಗೆಳೆಯನಿಗೆ ಫೋನ್ ಮಾಡಿ ಥ್ಯಾಂಕ್ಸ್ ಬೇರೆ ಹೇಳಿದೆ. ಬುಧವಾರ ರಾತ್ರಿ ಹತ್ತಕ್ಕೆ ಎಫ್ 1.

ಡ್ರಾಯರಿನ ಹಿಂದಿನ ಕಾಗದ

ಮೊದಲ ದಿನವೇ ಮಾಡಬೇಕಿದ್ದ ಕೆಲಸವನ್ನು ಏಳನೇ ದಿನ ಮಾಡಿದೆ. ಹೆಚ್ಚಿನ ರೇಂಜುಗಳೊಳಗೆ ರಿಪೇರಿಯವರಿಗೆ ಅಂತ ಒಂದು ಕಾಗದ ಮಡಚಿ ಇಟ್ಟಿರುತ್ತಾರೆ. ಟೆಕ್ ಶೀಟ್ ಅಂತಾರೆ. ಮಾಲೀಕರಿಗೆ ಕೊಡುವ ಮ್ಯಾನ್ಯುಯಲ್ ಬೇರೆ, ಇದು ಬೇರೆ. ಕೆಳಗಿನ ಡ್ರಾಯರ್ ತೆಗೆದರೆ ಅದರ ಹಿಂದೆ, ಇಲ್ಲಾ ಹಿಂಬದಿಯ ಪ್ಯಾನೆಲ್ಲಿನೊಳಗೆ ಪ್ಲಾಸ್ಟಿಕ್ ಚೀಲದಲ್ಲಿ ಸಿಗುತ್ತೆ. ನಮ್ಮದು ಡ್ರಾಯರಿನ ಹಿಂದೆ ಇತ್ತು. ಜಿಡ್ಡು, ಧೂಳು ಹಿಡಿದು ಹಪ್ಪಳದ ಹಾಗೆ ಗರಿಗರಿ ಆಗಿತ್ತು. ಬಿಡಿಸುವಾಗ ಒಂದು ಮಡಿಕೆ ಹರಿಯಿತು.

ಅದರಲ್ಲಿ ನಮ್ಮ ಎಫ್ 1ಕ್ಕೆ ಬರೆದಿದ್ದು ಸೆನ್ಸರ್ ಅಲ್ಲ. ಯಾವುದೋ ಒಂದು ಬಟನ್ ಇರಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಒತ್ತಿಕೊಂಡೇ ಇದೆ ಅಂತ. ಕೀಪ್ಯಾಡ್ (ಟಚ್ ಬಟನ್ ಇರುವ ಹಾಳೆ) ನೋಡಿ, ಅದು ಸರಿಯಿದ್ದರೆ ಬೋರ್ಡ್ ನೋಡಿ ಅಂತ ಮುಂದಿನ ದಾರಿಯನ್ನೂ ಕೊಟ್ಟಿದ್ದರು.

ಇಂಟರ್ನೆಟ್ಟಿನ ಪಟ್ಟಿ ತಪ್ಪಾಗಿರಲಿಲ್ಲ. ಅದು ಬೇರೆ ಕಂಪನಿಯ ಒಲೆಗೆ ಸರಿ. ಎಫ್ 1, ಎಫ್ 2 ಅನ್ನೋದಕ್ಕೆ ಎಲ್ಲರೂ ಒಪ್ಪಿದ ಅರ್ಥ ಇಲ್ಲ. ಒಂದು ಕಂಪನಿಯಲ್ಲಿ ಎಫ್ 1 ಅಂದರೆ ಬೋರ್ಡ್ ಹೋಗಿದೆ ಅಂತ, ಇನ್ನೊಂದರಲ್ಲಿ ಬಟನ್ ಸಿಕ್ಕಿಹಾಕಿಕೊಂಡಿದೆ ಅಂತ. ಒಂದೇ ಕಂಪನಿಯ ಹಳೆ ಮಾಡೆಲ್ಲಿಗೂ ಹೊಸ ಮಾಡೆಲ್ಲಿಗೂ ಬೇರೆ ಇರಬಹುದು. ಮಾಡೆಲ್ ನಂಬರ್ ಹಿಡಿದುಕೊಂಡೇ ಹುಡುಕಬೇಕು. ಓವನ್ ಬಾಗಿಲು ಇಲ್ಲಾ ಡ್ರಾಯರ್ ತೆಗೆದರೆ ಚೌಕಟ್ಟಿನ ಅಂಚಿನಲ್ಲಿ ಒಂದು ಸ್ಟಿಕರ್ ಇರುತ್ತೆ, ನಂಬರ್ ಅಲ್ಲಿರುತ್ತೆ.

ಸೆನ್ಸರ್ ಅಂತಲೇ ಕೋಡ್ ಬಂದಿದ್ದರೂ ಸೆನ್ಸರೇ ಕೆಟ್ಟಿರಬೇಕು ಅಂತಿಲ್ಲ. ಬೋರ್ಡಿಗೆ ಕಾಣೋದು ತನ್ನ ಬಾಗಿಲಿಗೆ ಬಂದ ಅಂಕಿ ಮಾತ್ರ. ಆ ಅಂಕಿ ಹಾಳಾಗಿದ್ದು ಕಡ್ಡಿಯಲ್ಲೋ, ತಂತಿಯಲ್ಲೋ, ಕನೆಕ್ಟರಿನಲ್ಲೋ, ತನ್ನ ಹೊಟ್ಟೆಯೊಳಗೋ ಅಂತ ಅದಕ್ಕೆ ಗೊತ್ತಾಗಲ್ಲ. "ನನಗೆ ಬಂದ ಲೆಕ್ಕ ಸರಿಯಿಲ್ಲ" ಅಂತಷ್ಟೇ ದೂರು ಕೊಡುತ್ತೆ. ನಾವು ಅದನ್ನೇ ತೀರ್ಪು ಅಂತ ಓದಿ ಪಾರ್ಟ್ ಆರ್ಡರ್ ಮಾಡುತ್ತೇವೆ. ನನ್ನ 28 ಡಾಲರ್ ಹೋಗಿದ್ದು ಹಾಗೆ.

ಅಮ್ಮ ಕಂಡುಹಿಡಿದದ್ದು

ಗುರುವಾರ ಬೆಳಿಗ್ಗೆ ಟೆಕ್ ಶೀಟ್ ಹರಡಿಕೊಂಡು ಕೂತಿದ್ದೆ. ಅಮ್ಮ ಕಾಫಿ ತಂದಿಟ್ಟು, "ಮೊನ್ನೆ ಮಂಗಳವಾರ ಯಾಕೆ ಕೂಗಲಿಲ್ಲ ಗೊತ್ತಾ? ಅವತ್ತು ನಾನು ಕುಕ್ಕರ್ ಇಟ್ಟಿರಲಿಲ್ಲ" ಅಂದರು.

ಮೊದಲು ನಕ್ಕೆ. ಆಮೇಲೆ ಫ್ರಿಜ್ಜಿನ ಮೇಲಿದ್ದ ಕ್ಯಾಲೆಂಡರ್ ತೆಗೆದು ಲೆಕ್ಕ ಹಾಕಿದೆವು. 15ರಂದು ಸಂಜೆ ಹೂರಣಕ್ಕೆ ಮೂರು ಸಲ ಕಡಲೆಬೇಳೆ ಬೇಯಿಸಿದ್ದರು, ಕುಕ್ಕರಿನಲ್ಲಿ. ರಾತ್ರಿ ಕೋಡ್. 16ರಂದು ಬೆಳಿಗ್ಗೆ ಬೇಳೆ, ತರಕಾರಿ, ಮತ್ತೆ ಕುಕ್ಕರ್. ಸಂಜೆ ಕೋಡ್. ಸೋಮವಾರದವರೆಗೆ ಬ್ರೇಕರ್ ಹಾಕಿಯೇ ಇತ್ತು. 20ರಂದು ಚಿತ್ರಾನ್ನ, ಅನ್ನ ರೈಸ್ ಕುಕ್ಕರಿನಲ್ಲಿ. ಕೋಡ್ ಇಲ್ಲ. 21ರಂದು ಹುಳಿ, ಕುಕ್ಕರ್, ಕೋಡ್. ನಾಲ್ಕು ದಿನಕ್ಕೆ ನಾಲ್ಕೂ ಹೊಂದಿಕೊಂಡವು. ಹೊಸ ಸೆನ್ಸರ್ ಹಾಕಿದ ಮಾರನೇ ದಿನ ಚಿತ್ರಾನ್ನ ಮಾಡಿದ್ದೇ ನನ್ನನ್ನ ಮೋಸಗೊಳಿಸಿದ್ದು.

ಅಮ್ಮನಿಗೆ ಮುಂದಿನ ಬರ್ನರ್ ಒಗ್ಗರಣೆಗೆ, ದೋಸೆಗೆ ಬೇಕು. ಕುಕ್ಕರ್ ಯಾವಾಗಲೂ ಹಿಂದಿನ ಎಡಗಡೆ ಬರ್ನರ್ ಮೇಲೆ. ಕುಕ್ಕರಿನೊಳಗೆ ಆವಿ 120 ಡಿಗ್ರಿ ಸೆಲ್ಸಿಯಸ್ ಹತ್ತಿರ ಇರುತ್ತೆ. ವಿಷಲ್ ಎದ್ದಾಗ ಅದು ನುಗ್ಗಿ ಬರುತ್ತೆ. ಬರುವ ದಾರಿಯಲ್ಲಿ ಒಂದು ಗೇಣು ದೂರಕ್ಕೆ ಓವನ್ನಿನ ಟಚ್ ಬಟನ್ ಇರುವ ಪಟ್ಟಿ. ಬೇಳೆ ಆದರೆ ಬರೀ ಆವಿ ಅಲ್ಲ, ನೊರೆಯೂ ಸಿಡಿಯುತ್ತೆ. ಟಾರ್ಚ್ ಹಾಕಿ ಪಟ್ಟಿಯನ್ನು ಓರೆಯಾಗಿ ನೋಡಿದೆ. ಮುಂದೆ ಎಲ್ಲ ಫಳಫಳ. ಬಟನ್ ಹಾಳೆಯ ಕೆಳ ಅಂಚಿನಲ್ಲಿ, ಅದು ಪಟ್ಟಿಗೆ ಅಂಟುವ ಜಾಗದಲ್ಲಿ, ಅರಿಶಿನ ಬಣ್ಣದ ಕೂದಲೆಳೆಯಷ್ಟು ಸಣ್ಣ ಗೆರೆ. ಉಗುರಿನಿಂದ ಕೆರೆದೆ. ಒಣಗಿದ ಬೇಳೆಕಟ್ಟು ಪುಡಿಪುಡಿಯಾಗಿ ಬಿತ್ತು. ಅಂಚು ಅಲ್ಲಿ ಸ್ವಲ್ಪ ಎದ್ದಿತ್ತು.

ಈ ಟಚ್ ಬಟನ್ ಅನ್ನೋದು ಎರಡು ತೆಳು ಪ್ಲಾಸ್ಟಿಕ್ ಹಾಳೆ. ಎರಡರ ಮೇಲೂ ವಿದ್ಯುತ್ ಹರಿಯುವ ಬಣ್ಣದಿಂದ ಗೆರೆ ಎಳೆದಿರುತ್ತಾರೆ. ನಡುವೆ ತೂತುಗಳಿರುವ ಮೂರನೇ ಹಾಳೆ ಎರಡನ್ನೂ ದೂರ ಹಿಡಿದಿರುತ್ತೆ. ಒತ್ತಿದಾಗ ಆ ತೂತಿನ ಮೂಲಕ ಮೇಲಿನದು ಕೆಳಗಿನದಕ್ಕೆ ತಾಗುತ್ತೆ. ಒಳಗೆ ತೇವ ಸೇರಿದರೆ ಬೆರಳಿಲ್ಲದೆಯೇ ತಾಗಿದ ಹಾಗೆ ಆಗುತ್ತೆ. ಬೋರ್ಡ್ ಪಾಪ, ಯಾರೋ ರಾತ್ರಿಯಿಡೀ ಬಟನ್ ಒತ್ತಿ ಹಿಡಿದಿದ್ದಾರೆ ಅಂತ ಕಿರುಚುತ್ತೆ. ತೇವ ಆರಿದರೆ ಸುಮ್ಮನಾಗುತ್ತೆ. ಬ್ರೇಕರ್ ಹಾಕಿಟ್ಟ ರಾತ್ರಿ ಅದು ಒಣಗುತ್ತಿತ್ತು. ರಿಸೆಟ್ ಮಾಡಿದ್ದರಿಂದ ಸರಿಹೋಯಿತು ಅಂತ ನಾನು ತಿಳಿದಿದ್ದೆ.

ಎರಡು ದಿನ ಪರೀಕ್ಷೆ ಮಾಡಿದೆವು. ಓವನ್ ಖಾಲಿ, ಒಲೆ ಆನ್ ಇರುವಷ್ಟು ಹೊತ್ತೂ ಅಡುಗೆಮನೆಯಲ್ಲಿ ಒಬ್ಬರು, ರಾತ್ರಿ ಬ್ರೇಕರ್ ಆಫ್. ಗುರುವಾರ, ಶುಕ್ರವಾರ ಕುಕ್ಕರನ್ನು ಮುಂದಿನ ಬರ್ನರ್ ಮೇಲಿಟ್ಟು ಫ್ಯಾನ್ ಹಾಕಿದೆವು. ಕೋಡ್ ಬರಲಿಲ್ಲ. ಗೆದ್ದೆವು ಅಂದುಕೊಂಡು ಶನಿವಾರ ನಾನು ಎಂದಿನಂತೆ ಕ್ಲೀನಿಂಗಿಗೆ ನಿಂತೆ. ಸ್ಪ್ರೇ ಬಾಟಲಿಯಿಂದ ಪಟ್ಟಿಯ ಮೇಲೆ ನಾಲ್ಕು ಸಲ ಚಿಮ್ಮಿಸಿ, ಬಟ್ಟೆಯಿಂದ ಒರೆಸಿದೆ. ಮುಕ್ಕಾಲು ಗಂಟೆಗೆ ಎಫ್ 1.

ಅಮ್ಮ ಏನೂ ಹೇಳಲಿಲ್ಲ. ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಬಾಟಲಿ ನೋಡಿದರು. ಅವರ ಕುಕ್ಕರ್ ಬಂದಿದ್ದು ಮೇ ತಿಂಗಳಲ್ಲಿ. ನನ್ನ ಸ್ಪ್ರೇ ಆರು ವರ್ಷದಿಂದ ನಡೆದಿದೆ. ಅಂಚು ಎಬ್ಬಿಸಿದ್ದು ಯಾವುದು ಅಂತ ಹೇಳೋದು ಕಷ್ಟ, ನನಗಂತೂ ಅನುಮಾನ ಇಲ್ಲ.

ನಾನು ಎಲ್ಲಿ ನಿಲ್ಲಿಸಿದೆ

ಮುಂದಿನ ಹೆಜ್ಜೆ ಹಿಂಬದಿಯ ತಗಡು ಬಿಚ್ಚಿ, ಕೀಪ್ಯಾಡಿನಿಂದ ಬೋರ್ಡಿಗೆ ಹೋಗುವ ಚಪ್ಪಟೆ ಕೇಬಲ್ ಕಳಚಿ, ಕರೆಂಟ್ ಕೊಟ್ಟು ನೋಡೋದು. ಕೇಬಲ್ ಇಲ್ಲದೆ ಕೋಡ್ ಬರದಿದ್ದರೆ ತಪ್ಪು ಕೀಪ್ಯಾಡಿನದು, ಆಗಲೂ ಬಂದರೆ ಬೋರ್ಡಿನದು. ಓದೋಕೆ ಸುಲಭ. ಆದರೆ ಅಲ್ಲಿ ಬೋರ್ಡಿನ ರಿಲೇಗಳಿಗೆ, ಅಂದರೆ ಹೀಟರನ್ನು ಆನ್ ಆಫ್ ಮಾಡುವ ಸ್ವಿಚ್ಚುಗಳಿಗೆ, ನೇರ ಮೇನ್ಸ್ ಬಂದಿರುತ್ತೆ. ಭಾರದ ಒಲೆಯನ್ನು ಎಳೆಯಬೇಕು, ತಿರುಗಿ ತಳ್ಳುವಾಗ ಹಿಂದಿನ ಕಾಲು ಗೋಡೆಯ ಬ್ರಾಕೆಟ್ಟಿಗೆ ಸರಿಯಾಗಿ ಸಿಕ್ಕಬೇಕು. ಆ ಬ್ರಾಕೆಟ್ ಇಲ್ಲದಿದ್ದರೆ ತೆರೆದ ಓವನ್ ಬಾಗಿಲ ಮೇಲೆ ಮಗು ಕಾಲಿಟ್ಟಾಗ ಇಡೀ ಒಲೆ, ಮೇಲಿರುವ ಕುದಿಯುವ ಸಾರಿನ ಸಮೇತ, ಮುಂದಕ್ಕೆ ಮಗುಚುತ್ತೆ. ಸೆನ್ಸರ್ ತನಕ ನನ್ನ ಕೆಲಸ, ಇದು ನನ್ನದಲ್ಲ ಅಂತ ಟೆಕ್ನಿಷಿಯನ್ನಿಗೆ ಫೋನ್ ಮಾಡಿದೆ.

ಹೀಗೆ ನಿಧಾನವಾಗಿ ಕ್ಯಾಲೆಂಡರ್ ಹಿಡಿದು ಕೂರುವ ಅವಕಾಶ ಎಲ್ಲ ಕೋಡಿಗೂ ಇಲ್ಲ. ಬಟನ್ ಕೋಡ್ ಆದ್ದರಿಂದ, ಓವನ್ ತಣ್ಣಗಿದ್ದದ್ದರಿಂದ ನಮಗೆ ಸಮಯ ಸಿಕ್ಕಿತು. ಅತಿ ಬಿಸಿ ಅಂತ ಹೇಳುವ ಕೋಡ್ ಬಂದರೆ ವಿಷಯವೇ ಬೇರೆ. ರಿಲೇಯ ಒಳಗೆ ಎರಡು ಲೋಹದ ತುದಿಗಳು ಬೆಸೆದುಕೊಂಡುಬಿಟ್ಟಿದ್ದರೆ ಓವನ್ ಆಫ್ ಮಾಡಿದರೂ ಆಫ್ ಆಗಲ್ಲ, ಕಾಯುತ್ತಲೇ ಹೋಗುತ್ತೆ. ಆಗ ಬ್ರೇಕರ್ ಹಾಕಬೇಕು, ರಿಪೇರಿ ಆಗುವ ತನಕ ಎತ್ತಬಾರದು. "ಒಂದ್ಸಲ ರಿಸೆಟ್ ಮಾಡಿ ನೋಡೋಣ" ಅನ್ನೋದು ಅಲ್ಲಿ ಬೇಡ. ಸುಟ್ಟ ವಾಸನೆ, ಗುಂಯ್ ಅನ್ನುವ ಸದ್ದು, ಕರಗಿದ ಪ್ಲಾಸ್ಟಿಕ್ ಕಂಡರೂ ಅಷ್ಟೇ. ಓವನ್ನಿನೊಳಗೆ ಬೆಂಕಿ ಕಂಡರೆ ಬಾಗಿಲು ತೆಗೆಯಬೇಡಿ. ಮುಚ್ಚಿದ ಬಾಗಿಲು, ಕಡಿದ ಕರೆಂಟ್, ಇಲ್ಲಿನ ತುರ್ತು ನಂಬರ್ 911. ಗ್ಯಾಸ್ ರೇಂಜಿನಲ್ಲೂ ಓವನ್ ಬೋರ್ಡ್ ಇಂಥದ್ದೇ ಕೋಡ್ ಕೊಡುತ್ತೆ. ಆದರೆ ಗ್ಯಾಸ್ ವಾಸನೆ ಬಂದರೆ ಕೋಡ್ ಓದೋಕೆ ನಿಲ್ಲಬೇಡಿ. ಸ್ವಿಚ್ಚು, ಬ್ರೇಕರ್ ಏನೂ ಮುಟ್ಟದೆ ಎಲ್ಲರೂ ಹೊರಗೆ ಹೋಗಿ, ಫೋನ್ ಹೊರಗಿನಿಂದ ಮಾಡಿ.

ಟೆಕ್ನಿಷಿಯನ್ ಬರೋತನಕ ಅಡುಗೆ ಕೌಂಟರ್ ಮೇಲಿನ ಇಂಡಕ್ಷನ್ ಒಲೆಯಲ್ಲಿ. ಅಮ್ಮ ಅಲ್ಯೂಮಿನಿಯಂ ಕುಕ್ಕರ್ ಇಟ್ಟರು, ಅದೂ ಇ ಅಂತ ಒಂದು ಕೋಡ್ ಕೊಟ್ಟು ಕೂಗಿತು. "ಈ ಮನೇಲಿ ಎಲ್ಲಾ ಒಲೆಗೂ ಬಾಯಿ" ಅಂದರು. ಅದು ಕೆಟ್ಟಿದ್ದಲ್ಲ. ಅಯಸ್ಕಾಂತ ಅಂಟದ ಪಾತ್ರೆ ಅದಕ್ಕೆ ಪಾತ್ರೆಯೇ ಅಲ್ಲ. ತಳಕ್ಕೆ ಫ್ರಿಜ್ ಮ್ಯಾಗ್ನೆಟ್ ಹಿಡಿದು ಪಾತ್ರೆ ಆರಿಸಿಕೊಂಡೆವು. ತಿಪಟೂರಿನ ಮನೆಯ ಇಂಡಕ್ಷನ್ ಕೂಡ ಬೇಸಿಗೆಯಲ್ಲಿ ಇ ತೋರಿಸುತ್ತಂತೆ. "ಆಗ ಫ್ಯಾನೂ ನಿಧಾನ ಸುತ್ತುತ್ತಿರುತ್ತೆ" ಅಂದರು ಅಮ್ಮ. ವೋಲ್ಟೇಜ್ ಬಿದ್ದಿರುತ್ತೆ ಅಂತ ಯಾವ ಟೆಕ್ ಶೀಟೂ ಇಲ್ಲದೆ ಅವರೇ ಹೇಳಿಬಿಟ್ಟರು.

27ರ ಮಂಗಳವಾರ ಟೆಕ್ನಿಷಿಯನ್ ಬಂದರು. ವಯಸ್ಸಾದವರು, ಮಾತು ಕಮ್ಮಿ. ನಾನು ಬರೆದಿಟ್ಟಿದ್ದ ತಾರೀಕಿನ ಚೀಟಿಯನ್ನು ಎರಡು ಸಲ ಓದಿದರು. ಒಲೆ ಎಳೆದು, ತಗಡು ತೆಗೆದು, ಕೇಬಲ್ ಕಳಚಿದರು. ತಗಡು ಮುಚ್ಚಿ ಆಮೇಲೆ ಬ್ರೇಕರ್ ಎತ್ತಿಸಿದರು. ಪಟ್ಟಿಯ ಅಂಚಿಗೆ ಒದ್ದೆ ಬಟ್ಟೆ ಹಿಡಿದು ಕಾದರು. ಅರ್ಧ ಗಂಟೆ, ಒಂದು ಗಂಟೆ, ಕೋಡ್ ಇಲ್ಲ. ಬ್ರೇಕರ್ ಹಾಕಿಸಿ, ಕೇಬಲ್ಲಿನ ತುದಿ ತೋರಿಸಿದರು. ಸಾಲಾಗಿ ಇರಬೇಕಾದ ಕಪ್ಪು ಗೆರೆಗಳಲ್ಲಿ ಎರಡರ ಮೇಲೆ ಉಪ್ಪು ಕಟ್ಟಿದ ಹಾಗೆ ಬಿಳಿ ಪುಡಿ.

ಬೋರ್ಡ್ ಸರಿಯಿತ್ತು. ಕೀಪ್ಯಾಡ್ ಹಾಳೆ ಮಾತ್ರ ಬದಲಾಯಿಸಿದರೆ ಸಾಕು ಅಂದರು. ಪಾರ್ಟಿಗೆ 140 ಡಾಲರ್, ಬಂದು ನೋಡಿ ಹಾಕಿದ್ದಕ್ಕೆ 170. ಹೊಸ ಒಲೆಯ ಬೆಲೆ ನೋಡಿಕೊಂಡು ಸರಿ ಅಂದೆ. ಸೆನ್ಸರ್ ವಿಷಯ ಹೇಳಿದಾಗ ಅವರು ಮೊದಲ ಸಲ ನಕ್ಕರು. ತಿಂಗಳಿಗೆ ಮೂರ್ನಾಲ್ಕು ಮನೆಯಲ್ಲಿ ಹೊಸ ಸೆನ್ಸರ್ ಇರುವ ಕೆಟ್ಟ ಕೀಪ್ಯಾಡ್ ನೋಡ್ತೀನಿ ಅಂದರು.

ಕೀಪ್ಯಾಡ್ ಬಂದದ್ದು ಸೆಪ್ಟೆಂಬರ್ 5ಕ್ಕೆ, ಗೌರಿ ಹಬ್ಬದ ಹಿಂದಿನ ದಿನ. ಹಾಕಿದ್ದು ಇಪ್ಪತ್ತು ನಿಮಿಷದ ಕೆಲಸ. ಹಳೆಯದನ್ನು ಕೇಳಿ ಇಟ್ಟುಕೊಂಡೆ. ಮಗಳು ಕತ್ತರಿಯಿಂದ ಅಂಚು ಬಿಡಿಸಿ ಮೂರು ಹಾಳೆಯನ್ನೂ ಬೇರೆ ಮಾಡಿದಳು. ನಡುವಿನ ಹಾಳೆಯ ಒಂದು ತೂತಿನ ಸುತ್ತ ನೀರಿನ ಕಲೆ ಉಂಗುರದ ಹಾಗೆ ಕೂತಿತ್ತು.

ಶನಿವಾರ ಗಣೇಶನ ಹಬ್ಬಕ್ಕೆ ಅಮ್ಮ ಕಡುಬು ಬೇಯಿಸೋಕೆ ಇಡ್ಲಿ ಪಾತ್ರೆ ಇಟ್ಟರು, ಮುಂದಿನ ಬಲಗಡೆ ಬರ್ನರ್ ಮೇಲೆ. ಫ್ಯಾನ್ ಹಾಕಿದರು. ಅದು ಗಾಳಿಯನ್ನು ಹೊರಗೆ ಬಿಡದೆ ಒಳಗೇ ಸುತ್ತಿಸುವ ಬಗೆಯದು. ಸಾಕಾಗಲ್ಲ ಅಂತ ಕಿಟಕಿಯನ್ನೂ ತೆಗೆದರು. ನಾನು ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಪಟ್ಟಿ ಒರೆಸಿದೆ. ಸ್ಪ್ರೇ ಬಾಟಲಿ ಸಿಂಕಿನ ಕೆಳಗೆ ಹೋಗಿದೆ. ಟೆಕ್ ಶೀಟನ್ನು ಹೊಸ ಪ್ಲಾಸ್ಟಿಕ್ ಕವರಿಗೆ ಹಾಕಿ, ಕೀಪ್ಯಾಡ್ ಹಾಕಿದ ತಾರೀಕು ಮೂಲೆಯಲ್ಲಿ ಬರೆದು, ಡ್ರಾಯರಿನ ಹಿಂದೆ ಮೊದಲಿದ್ದ ಜಾಗದಲ್ಲೇ ಅಂಟಿಸಿದ್ದೇನೆ. ಜೊತೆಗೆ ಹಳೆ ಸೆನ್ಸರೂ ಅಲ್ಲೇ ಇದೆ, 1,091 ಅಂತ ಚೀಟಿ ಕಟ್ಟಿಕೊಂಡು.